ಎಡಗೈಯ ಪೇಟಿ

ಕೆಂಪು ಸ್ವಿಚ್ ಒತ್ತಿದ ಕೂಡಲೇ ಯಂತ್ರ ನಿಲ್ಲುತ್ತದೆ ಎಂದು ನಾನು ನಂಬಿದ್ದೆ. ನಿಲ್ಲುವುದಿಲ್ಲ. ಕರೆಂಟು ಕಡಿದ ಮೇಲೂ ಕಬ್ಬಿಣದ ಚಕ್ರ ತನ್ನ ಭಾರಕ್ಕೆ ತಾನೇ ಇನ್ನಷ್ಟು ತಿರುಗಿ ಆಮೇಲೆ ನಿಲ್ಲುತ್ತದೆ. ಆ ಇನ್ನಷ್ಟು ಹೊತ್ತು ನನ್ನ ಗೆಳತಿಯ ಬಲಗೈ ಬೆಲ್ಟಿನ ಒಳಗಿತ್ತು.

ಹಿರೇಕೆರೂರಿನಲ್ಲಿ ಬೀಜ ಹಸನು ಮಾಡಿ, ಮೊಳಕೆ ನೋಡಿ, ಚೀಲ ಕಟ್ಟಿ ಕಳಿಸುವ ಒಂದು ಘಟಕದಲ್ಲಿ ನಾವಿಬ್ಬರೂ ಕೆಲಸ ಮಾಡುತ್ತೇವೆ. ನಾನು ಧಾರವಾಡದಲ್ಲಿ ಸಸ್ಯಶಾಸ್ತ್ರ ಓದಿ ಬಂದವಳು, ಮೊಳಕೆಯ ತಟ್ಟೆಗಳು ನನ್ನ ಪಾಲು. ಅವಳು ಗಣಿತದವಳು, ಲೆಕ್ಕ ಮತ್ತು ಕಂಪ್ಯೂಟರ್ ಅವಳ ಪಾಲು. ಸಂಕ್ರಾಂತಿ ಕಳೆದಿತ್ತು, ಚಳಿ ಇನ್ನೂ ಬಿಟ್ಟಿರಲಿಲ್ಲ. ಎಣ್ಣೆ ಹಾಕಲೆಂದು ಜರಡಿ ಯಂತ್ರದ ಬೆಲ್ಟಿನ ಮುಚ್ಚಳ ತೆಗೆದವರು ಅದನ್ನು ಮತ್ತೆ ಹಾಕದೆಯೇ ಯಂತ್ರ ಶುರು ಮಾಡಿದ್ದರು. ಅವಳು ಬೆಂಡೆ ಬೀಜದ ಒಂದು ಹಿಡಿ ನಮೂನೆಗೆ ಬಾಗಿದಳು. ಉಣ್ಣೆಯ ಸ್ವೆಟರಿನ ತೋಳು ಸಡಿಲವಾಗಿತ್ತು. ನಾನು ಗೋಡೆಯ ಹತ್ತಿರವೇ ನಿಂತಿದ್ದೆ, ಕೂಡಲೇ ಸ್ವಿಚ್ ಒತ್ತಿದೆ. ಒತ್ತಿದ್ದು ಸರಿಯಾದ ಹೊತ್ತಿಗೇ ಎಂದು ಎಲ್ಲರೂ ಹೇಳಿದರು, ಹುಬ್ಬಳ್ಳಿಯ ಡಾಕ್ಟರೂ ಹೇಳಿದರು. ಒಪ್ಪುತ್ತೇನೆ. ಆದರೂ ಒತ್ತಿದ ಮೇಲೆ ತಿರುಗಿದ ಆ ಚಕ್ರ ನನ್ನ ತಲೆಯಲ್ಲಿ ಇನ್ನೂ ನಿಂತಿಲ್ಲ. ಜೋಳ ಬೀಸಿಸಲು ಗಿರಣಿಗೆ ಹೋದರೂ ಮೊದಲು ಸ್ವಿಚ್ ಎಲ್ಲಿದೆ ಎಂದು ನೋಡಿ, ಅದರ ಪಕ್ಕಕ್ಕೇ ನಿಲ್ಲುತ್ತೇನೆ. ಗಿರಣಿಯವನಿಗೆ ನನ್ನ ಈ ರೂಢಿ ಗೊತ್ತಾಗಿ, ‘ಬರ್ರಿ ಮೇಡಂ, ನಿಮ್ಮ ಜಾಗಾ ಖಾಲಿ ಐತ್ರಿ’ ಎನ್ನುತ್ತಾನೆ.

ಕೈ ಉಳಿಯಿತು. ಆದರೆ ಮಣಿಕಟ್ಟು ಬಾಗುವುದಿಲ್ಲ, ಬೆರಳುಗಳು ಅರ್ಧ ಮಡಚಿದಂತೆಯೇ ಇವೆ. ಮುಂಗೈಯಿಂದ ಏನನ್ನಾದರೂ ಒತ್ತಿ ಹಿಡಿಯಬಲ್ಲಳು, ಬೆರಳಿನಿಂದ ಏನನ್ನೂ ಆರಿಸಿ ಒತ್ತಲಾರಳು. ಅವಳ ಕೆಲಸವೆಲ್ಲ ಆರಿಸಿ ಒತ್ತುವುದೇ ಆಗಿತ್ತು.

ಅದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಘಟಕ ಕಟ್ಟಿದ ಹಿಂದಿನ ಸಾಹೇಬರು ತಮ್ಮ ಹರೆಯದಲ್ಲಿ ಎಲ್ಲೋ ಒಂದು ವಿಚಿತ್ರ ಕಂಪ್ಯೂಟರ್ ಭಾಷೆ ಕಲಿತು, ಅದರ ಮೋಹ ಬಿಡದೆ ಇಲ್ಲಿಯ ಲೆಕ್ಕವನ್ನೆಲ್ಲ ಅದರಲ್ಲೇ ಬರೆದಿಟ್ಟಿದ್ದರು. ಎಪಿಎಲ್ ಎಂದು ಅದರ ಹೆಸರು. ಬೇರೆ ಭಾಷೆಗಳಲ್ಲಿ ಪದ ಪದ ಜೋಡಿಸಿ ಪುಟ ತುಂಬಿಸುವ ಕೆಲಸವನ್ನು ಈ ಭಾಷೆ ಒಂದು ಸಾಲಿನಲ್ಲಿ ಮುಗಿಸುತ್ತದೆ, ಏಕೆಂದರೆ ಅದರಲ್ಲಿ ಪದಗಳೇ ಇಲ್ಲ, ಚಿಹ್ನೆಗಳಿವೆ. ಒಂದು ಚಿಹ್ನೆ ಕಳಸವಿಟ್ಟ ಗುಡಿಯ ಹಾಗಿದೆ, ಅದು ಸಣ್ಣದರಿಂದ ದೊಡ್ಡದಕ್ಕೆ ಸಾಲು ಹಚ್ಚುತ್ತದೆ. ಇನ್ನೊಂದು ಆಗ ತಾನೇ ತಲೆ ಬಾಗಿಸಿ ಮೇಲೆದ್ದ ಮೊಳಕೆಯ ಹಾಗಿದೆ, ಅದು ಎಷ್ಟು ಅಡ್ಡಸಾಲು, ಎಷ್ಟು ಕಂಬಸಾಲು ಎಂದು ಆಕಾರ ಕೊಡುತ್ತದೆ. ದುಂಡಗಿನ ಸೊನ್ನೆಯ ನಡುವೆ ನೆಟ್ಟಗೆ ಒಂದು ಗೀಟು ಎಳೆದರೆ, ಇದ್ದ ಸಾಲು ಹಿಂದುಮುಂದಾಗುತ್ತದೆ. ಮೊಳಕೆ ತಟ್ಟೆಗೆ ಇದಕ್ಕಿಂತ ಒಪ್ಪುವ ಭಾಷೆ ಇಲ್ಲ. ಮರಳು ತುಂಬಿದ ತಟ್ಟೆಯಲ್ಲಿ ಸಾಲು ಸಾಲಾಗಿ ಬೀಜ ಊರಿರುತ್ತೇನೆ. ಮೊಳೆತರೆ ಒಂದು, ಮೊಳೆಯದಿದ್ದರೆ ಸೊನ್ನೆ. ನಾನು ಓದುತ್ತ ಹೋಗುತ್ತೇನೆ, ಅವಳು ತಟ್ಟೆಯನ್ನು ಇದ್ದ ಹಾಗೇ ಯಂತ್ರದೊಳಗೆ ಇಳಿಸುತ್ತಾಳೆ. ಯಾವ ಲಾಟಿನ ಬೀಜ ರೈತರಿಗೆ ಹೋಗಬೇಕು, ಯಾವುದು ಹೋಗಬಾರದು ಎಂದು ಅವಳ ಒಂದು ಸಾಲು ಹೇಳುತ್ತದೆ.

ಸಾಹೇಬರು ಈ ಭಾಷೆಗೆಂದೇ ಮಾಡಿದ ಒಂದು ಕೀಬೋರ್ಡನ್ನೂ ತರಿಸಿದ್ದರು. ಪ್ರತಿ ಕೀಲಿಯ ಮೇಲೂ ಅಕ್ಷರದ ಪಕ್ಕ ಒಂದು ಚಿಹ್ನೆ. ಒಂದು ಕೈಯಲ್ಲಿ ಬದಿಯ ಕೀಲಿ ಅದುಮಿ ಹಿಡಿದು, ಇನ್ನೊಂದು ಕೈಯಲ್ಲಿ ಅಕ್ಷರ ಒತ್ತಿದರೆ ಚಿಹ್ನೆ ಮೂಡುತ್ತಿತ್ತು. ಅಂದರೆ ಎರಡು ಕೈ ಬೇಕು. ಸಾಹೇಬರು ತೀರಿಕೊಂಡ ಮೇಲೆ ಆ ಭಾಷೆ ನಮ್ಮ ನಾಲ್ಕು ತಾಲೂಕಿನಲ್ಲಿ ಅವಳೊಬ್ಬಳಿಗೇ ಬರುತ್ತಿತ್ತು ಎಂದರೆ ಸುಳ್ಳಾಗಲಿಕ್ಕಿಲ್ಲ. ನನಗೆ ನಾಲ್ಕಾರು ಚಿಹ್ನೆಗಳ ಗುರುತಷ್ಟೇ.

ಆಸ್ಪತ್ರೆಯಿಂದ ಬಂದು ಅವಳು ಹಂಸಭಾವಿಯ ತಾಯಿಯ ಮನೆಯಲ್ಲಿದ್ದಾಗ, ಹಾನಗಲ್ಲಿನ ದೊಡ್ಡ ಆಫೀಸಿನಿಂದ ಹೊಸ ಮ್ಯಾನೇಜರು ನೋಡಲು ಬಂದರು. ಕೆಟ್ಟ ಮನುಷ್ಯನಲ್ಲ. ಎಳನೀರು ತಂದಿದ್ದರು, ನಾನೂ ಅಲ್ಲೇ ಇದ್ದೆ.

‘ನಿಮಗ ಆದದ್ದಕ್ಕ ನನಗೂ ಬಾಳ ಕೆಟ್ಟ ಅನಸೈತ್ರಿ’ ಎಂದರು. ‘ಆದ್ರ ಬಿತ್ತಗಿ ಹಂಗಾಮು ನನಗೂ ಕಾಯಂಗಿಲ್ಲ, ನಿಮಗೂ ಕಾಯಂಗಿಲ್ಲ. ಎಲ್ಲಾರಿಗೂ ಬರೋ ಸಾದಾ ಪ್ರೋಗ್ರಾಂ ಹಾಕಿಬಿಡೂಣು. ನೀವು ಸ್ಟೋರ್ಸ್ ನೋಡ್ಕೋರಿ. ಪಗಾರ ಇದ್ದಷ್ಟ ಇರತೈತಿ.’

‘ಪಗಾರದ ಮಾತಲ್ಲರಿ ಅದು’ ಎಂದಳು ಅವಳು. ‘ಆ ಕುರ್ಚಿ ನಂದು.’

‘ಹಂಗಾದ್ರ ಬಿತ್ತಗಿ ಬೀಜ ಬಿಡೋ ಮೊದಲ ಹಾನಗಲ್ಲಿಗೆ ಬರ್ರಿ. ನಾ ಒಂದು ಹೊಸಾ ಲೆಕ್ಕಾ ಕೇಳತೇನಿ, ನನ್ನ ಕಣ್ಣಮುಂದ ನೀವ ಟೈಪ್ ಮಾಡಿ ತೋರಸ್ರಿ. ಆತಂದ್ರ ಕುರ್ಚಿ ನಿಮ್ದು. ಆಗಲಿಲ್ಲಂದ್ರ ಸ್ಟೋರ್ಸು. ಸಿಟ್ಟಾಗಬಾರದು ಮತ್ತ.’

‘ಆಗಂಗಿಲ್ಲ. ನೀವೂ ಆಗಬಾರದು.’

ಅವರು ಹೋದ ಮೇಲೆ ಅವಳ ತಾಯಿ ಒಳಗಿನಿಂದ ಬಂದು ಕೇಳಿದರು: ‘ಎಪಿಎಲ್ ಎಪಿಎಲ್ ಅಂತೀರಿ, ಅದು ರೇಷನ್ ಕಾರ್ಡಲ್ಲೇನ ಯವ್ವಾ? ನಮ್ಮದು ಬಿಪಿಎಲ್ ಐತಿ. ನಮಗ ಅಕ್ಕಿ ಕೊಡ್ತಾರ. ನಿಮ್ಮ ಎಪಿಎಲ್‌ನ್ಯಾಗ ಏನ ಕೊಡ್ತಾರ?’

‘ಒಂದು, ಇಲ್ಲಾ ಸೊನ್ನಿ ಕೊಡ್ತಾರವ್ವಾ’ ಎಂದಳು ಮಗಳು.

‘ಅಷ್ಟಕ್ಕ ಇಷ್ಟ ಜಗಳೇನ?’

ಅವಳು ನಕ್ಕಳು. ಅಪಘಾತದ ನಂತರ ನಾನು ಕೇಳಿದ ಮೊದಲ ನಗು ಅದು.

ಮೊದಲು ಒಂದೇ ಕೈಯಿಂದ ಹಳೆಯ ಕೀಬೋರ್ಡಿನಲ್ಲೇ ಯತ್ನಿಸಿದಳು. ಒಂದೊಂದು ಚಿಹ್ನೆಗೂ ಎಡಗೈ ಕೀಬೋರ್ಡಿನ ಈ ತುದಿಯಿಂದ ಆ ತುದಿಗೆ ಓಡಬೇಕು. ಬದಿಯ ಕೀಲಿಯನ್ನು ಮುಂಗೈಯಿಂದ ಅದುಮಲು ಹೋದರೆ ಸುತ್ತಲಿನ ನಾಲ್ಕು ಕೀಲಿಗಳೂ ಒತ್ತಿ, ಪರದೆಯ ತುಂಬ ಇರುವೆ ಸಾಲು. ಬಾಯಲ್ಲಿ ಹೇಳಿದರೆ ಬರೆದುಕೊಳ್ಳುವ ಸೌಲಭ್ಯವನ್ನೂ ನೋಡಿದೆವು. ಅವಳು ಚಿಹ್ನೆಗಳ ಗ್ರೀಕ್ ಹೆಸರುಗಳನ್ನು ಒಂದೊಂದಾಗಿ ಹೇಳಿದಳು, ಫೋನು ನಮಗೆ ಅಡುಗೆಯ ವಿಡಿಯೋ ತೋರಿಸಿತು. ಒಂದು ಕೈಯವರಿಗೆಂದು ಮಾಡಿದ ಕೀಬೋರ್ಡುಗಳು ಇವೆ, ಹುಡುಕಿದೆವು. ಈ ಚಿಹ್ನೆಗಳ ಕೀಬೋರ್ಡುಗಳೂ ಇವೆ. ಎರಡೂ ಕೂಡಿದ್ದು ಎಲ್ಲೂ ಕಾಣಲಿಲ್ಲ. ಅಂಥವರು ಇನ್ನೊಬ್ಬರು ಜಗತ್ತಿನಲ್ಲಿ ಇರಲಿಕ್ಕಿಲ್ಲ ಎಂದು ನಾನು ಅಂದೆ. ‘ಇಲ್ಲೊಬ್ಬಾಕಿ ಅದಾಳಲ್ಲ, ಸಾಕಲ್ಲ?’ ಎಂದಳು.

ಶಿವರಾತ್ರಿಗೆ ಮುಂಚೆ ಮನಸ್ಸಿಗೆ ಬದಲಾವಣೆಯಾಗಲಿ ಎಂದು ಅವಳನ್ನು ಶಿಗ್ಗಾಂವಿಯ ನಮ್ಮ ಮನೆಗೆ ಕರೆದೊಯ್ದೆ. ಅಂದು ಸೋಮವಾರ. ಸೋಮವಾರ ಸಂಜೆ ನಮ್ಮ ಅಪ್ಪ ಪೇಟಿ ಹಿಡಿಯುತ್ತಾರೆ. ನಮ್ಮ ಕಡೆ ಹಾರ್ಮೋನಿಯಮ್ಮಿಗೆ ಪೇಟಿ ಎಂದೇ ಹೆಸರು. ಪಕ್ಕದ ಮನೆಯ ಇಬ್ಬರು ತಾಳ ಹಿಡಿದು ಬಂದರು, ಭಜನೆ ಶುರುವಾಯಿತು. ಎಲ್ಲರೂ ಅಪ್ಪನ ಬಲಗೈ ನೋಡುತ್ತಾರೆ, ಬೆರಳು ಓಡುವುದು ಅಲ್ಲಿ. ಇವಳು ಎಡಗೈಯನ್ನೇ ನೋಡುತ್ತ ಕೂತಿದ್ದಳು.

ಪದ ಮುಗಿದ ಕೂಡಲೇ ಕೇಳಿದಳು: ‘ಕಾಕಾ, ನಿಮ್ಮ ಎಡಗೈ ಏನ ಮಾಡಾಕತ್ತೈತ್ರಿ?’

‘ಗಾಳಿ ಹಾಕಾಕತ್ತೈತವ್ವಾ. ಹಿಂದಿನ ತಿದಿ ಒತ್ತದಿದ್ರ ಸ್ವರ ಎಲ್ಲಿಂದ ಬರಬೇಕು?’

‘ಅಂದ್ರ ನುಡಸೂದು ಒಂದ ಕೈ?’

‘ಮತ್ತ? ಎರಡೂ ಕೈ ನುಡಸಾಕ ಹಚ್ಚಿದ್ರ ಗಾಳಿ ನಿಮ್ಮಪ್ಪ ಬಂದು ಹಾಕತಾನೇನ?’

ತಾಳದವರು ನಕ್ಕರು. ಅವಳು ನಗಲಿಲ್ಲ. ಎದ್ದು ಬಂದು ಪೇಟಿಯ ಹಿಂದೆ ಕೂತು, ಬಾಗದ ಬಲಗೈಯ ಮುಂಗೈಯನ್ನು ತಿದಿಯ ಹಲಗೆಗೆ ಇಟ್ಟು ಒತ್ತಿದಳು. ಹಲಗೆ ಒಳಗೆ ಹೋಯಿತು. ಬಿಟ್ಟಳು. ಹೊರಗೆ ಬಂತು. ಮತ್ತೆ ಒತ್ತಿದಳು. ಅಪ್ಪ ಸುಮ್ಮನೆ ಒಂದು ಸ್ವರ ಹಿಡಿದರು. ಅವಳ ಕೈಯ ಗಾಳಿಗೆ ಪೇಟಿ ನುಡಿಯಿತು. ಬದಿಯ ಕೀಲಿಯ ಬದಲಿಗೆ ತಿದಿ: ಬಿಟ್ಟಾಗ ಅಕ್ಷರ, ಒತ್ತಿದಾಗ ಚಿಹ್ನೆ. ಎಡಗೈ ಸ್ವರದ ಪಟ್ಟಿಗಳ ಮೇಲೆ, ಬಲಗೈ ತಿದಿಯ ಮೇಲೆ. ಕೀಬೋರ್ಡು ಅಲ್ಲೇ, ನಮ್ಮ ಪಡಸಾಲೆಯಲ್ಲಿ ಹುಟ್ಟಿತು.

ಅಪ್ಪನ ಪೇಟಿ ಕೆಟ್ಟಾಗಲೆಲ್ಲ ಸವಣೂರಿಗೆ ಹೋಗುತ್ತದೆ. ದೊಡ್ಡ ಹುಣಸೆ ಗಿಡಗಳ ಕಡೆ ಹೋಗುವ ದಾರಿಯಲ್ಲಿ, ವೀಳ್ಯದೆಲೆಯ ಅಂಗಡಿಗಳ ಸಾಲಿನಲ್ಲಿ ಪೇಟಿ ಮಾಸ್ತರರ ಅಂಗಡಿ. ಅರ್ಧ ಬಿಚ್ಚಿದ ಪೇಟಿಗಳ ನಡುವೆ ಅವರು ಕೂತಿರುತ್ತಾರೆ. ತಮ್ಮ ಕೆಲಸದ ಬಗ್ಗೆ ಅವರಿಗಿರುವಷ್ಟು ಹೆಮ್ಮೆಯನ್ನು ನಾನು ಇನ್ನೆಲ್ಲೂ ಕಂಡಿಲ್ಲ. ನಾವು ಹೇಳಿದ್ದನ್ನೆಲ್ಲ ಕೇಳಿ, ಬಾಯೊಳಗಿನ ಎಲೆಯನ್ನು ಒಂದು ಕಡೆಗೆ ಸರಿಸಿ ಅಂದರು:

‘ಸ್ವರ ಇಲ್ಲದ ಪೇಟಿ ಮಾಡು ಅಂತೀಯಲ್ಲ ತಂಗೀ! ನಾಳೆ ಸವಣೂರಾಗ ಏನಂತಾರ? ಮಾಸ್ತರಗ ವಯಸ್ಸಾತು, ಮೂಕ ಪೇಟಿ ಮಾಡಾಕ ಹತ್ಯಾನ ಅಂತಾರ.’

‘ಸ್ವರ ಕಂಪ್ಯೂಟರಿನ್ಯಾಗ ಬರತೈತ್ರಿ ಮಾಸ್ತರ.’

‘ಯಾವ ರಾಗ?’

‘ಬೆಂಡಿಬೀಜದ ರಾಗ್ರಿ.’

ಅವರು ಅವಳ ಕೈ ನೋಡಿದರು. ಮಡಚಿದ ಬೆರಳುಗಳನ್ನು ಹಿಡಿದು, ಮಣಿಕಟ್ಟು ಎಷ್ಟು ಬಾಗುತ್ತದೆ, ಎಷ್ಟು ಬಲವಿದೆ ಎಂದು ಪೇಟಿಯ ಪಟ್ಟಿ ಪರೀಕ್ಷಿಸುವ ಹಾಗೆಯೇ ಪರೀಕ್ಷಿಸಿದರು. ‘ತಿದಿ ಹಗುರ ಇಡತೇನಿ’ ಎಂದರು. ‘ಕರಿ ಪಟ್ಟಿ ಬ್ಯಾಡ. ಬರೇ ಬಿಳಿ ಪಟ್ಟಿ, ಮಕ್ಕಳ ಪೇಟೀವು, ಎರಡು ಸಾಲು. ನಿನ್ನ ಕೈ ಸಣ್ಣದೈತಿ.’

ಅವಳು ದೊಡ್ಡ ಹಾಳೆಯ ಮೇಲೆ ಚಿತ್ರ ಬರೆದುಕೊಟ್ಟಳು. ಮೇಲಿನ ಸಾಲು, ಕೆಳಗಿನ ಸಾಲು ಎಂದು ಗುರುತು ಹಾಕಿ, ಯಾವ ಪಟ್ಟಿಯ ಮೇಲೆ ಯಾವ ಅಕ್ಷರ, ಯಾವ ಚಿಹ್ನೆ ಎಂದು ತುಂಬಿದಳು. ಎಡಗೈಯ ಹೆಬ್ಬೆರಳು ಬಲಗಡೆಗೆ ಬೀಳುತ್ತದೆ. ಹಾಗಾಗಿ ಹೆಚ್ಚು ಬಳಸುವ ಚಿಹ್ನೆಗಳೆಲ್ಲ ಬಲತುದಿಗೆ, ಅಪರೂಪದವು ಕಿರುಬೆರಳಿನ ಕಡೆ ಎಡತುದಿಗೆ. ಪಟ್ಟಿಯ ಕೆಳಗೆ ಕೂಡಿಸುವ ಸಣ್ಣ ಸ್ವಿಚ್ಚುಗಳು ಮತ್ತು ತಂತಿಯ ಕೆಲಸ ಶಿಗ್ಗಾಂವಿಯ ಮೊಬೈಲ್ ರಿಪೇರಿಯವನದು. ಮಾಸ್ತರರು ಪಟ್ಟಿಗಳಿಗೆ ಹಾಕುವ ನಂಬರಿನ ಪ್ರಕಾರ ಅವನು ತಂತಿ ಎಳೆಯಬೇಕು. ಪೆಟ್ಟಿಗೆ ಕಂಪ್ಯೂಟರಿಗೆ ಕಳಿಸುವುದು ಆ ನಂಬರನ್ನಷ್ಟೇ. ಯಾವ ನಂಬರಿಗೆ ಯಾವ ಚಿಹ್ನೆ ಎಂಬ ಕೋಷ್ಟಕವನ್ನು ಅವಳು ಕಂಪ್ಯೂಟರಿನಲ್ಲಿ ಬರೆದಿಟ್ಟಿದ್ದಳು, ಅದೂ ಎರಡು ಸಾಲಿನದು.

ಪೇಟಿ ತಯಾರಾಗುವ ತನಕ ಅವಳು ಸುಮ್ಮನೆ ಕೂಡಲಿಲ್ಲ. ಅದೇ ಚಿತ್ರವನ್ನು ರಟ್ಟಿನ ಮೇಲೆ ಬರೆದು, ಹಂಸಭಾವಿಯ ಮನೆಯ ಕಟ್ಟೆಯ ಮೇಲೆ ಇಟ್ಟುಕೊಂಡು, ಎಡಗೈಯಿಂದ ಒತ್ತುತ್ತ, ಬಲಮುಂಗೈಯಿಂದ ಒಂದು ದಿಂಬನ್ನು ಗೋಡೆಗೆ ಅದುಮುತ್ತ ಅಭ್ಯಾಸ ಮಾಡಿದಳು. ಮೊದಲು ನೋಡಿ ಒತ್ತುತ್ತಿದ್ದವಳು ಯುಗಾದಿಯ ಹೊತ್ತಿಗೆ ಕಣ್ಣು ಮುಚ್ಚಿ ಒತ್ತತೊಡಗಿದಳು. ಹೋಗುವ ಬರುವ ಹೆಂಗಸರು ನಿಂತು ನೋಡುತ್ತಿದ್ದರು. ಒಬ್ಬಾಕೆ ಅವಳ ತಾಯಿಗೆ ‘ಮಗಳಿಗೆ ಒಂದಿಷ್ಟು ದೃಷ್ಟಿ ತಗೀರಿ’ ಎಂದಳು. ‘ಕೈ ಕಲಿಯಾಕತ್ತೈತಿ, ತಡಿ, ದೃಷ್ಟಿ ನಿಂದ ಹತ್ತೀತು’ ಎಂದು ತಾಯಿ ಅವಳನ್ನು ಮುಂದಕ್ಕೆ ಕಳಿಸಿದರು.

ಮಾಸ್ತರರು ಪಟ್ಟಿಯ ಮೇಲೆ ಚಿಹ್ನೆ ಕೆತ್ತಿ ಅದರೊಳಗೆ ಕರಿ ಅರಗು ತುಂಬಿದ್ದರು. ಅರಗು ಬೇಗ ಆರಲಿಲ್ಲವೆಂದು ಪೇಟಿ ತಡವಾಯಿತು. ಮೊಬೈಲಿನವನು ತಂತಿ ಎಳೆದು, ಅವಳು ಕಳಿಸಿದ ಕೋಷ್ಟಕ ಹಾಕಿಕೊಂಡು, ಒಂದೊಂದೇ ಪಟ್ಟಿ ಒತ್ತಿ, ಕೆತ್ತಿದ ಚಿಹ್ನೆಯೇ ಪರದೆಯ ಮೇಲೆ ಬರುತ್ತದೆ ಎಂದು ಖಾತ್ರಿ ಮಾಡಿ ಮಾಸ್ತರರಿಗೆ ಒಪ್ಪಿಸಿದ. ಹಾನಗಲ್ಲಿಗೆ ಹೋಗುವ ದಿನ ಬಂದೇಬಿಟ್ಟಿತು. ‘ನೀವು ಹಿರೇಕೆರೂರಿಂದ ನೆಟ್ಟಗ ಹೋಗ್ರಿ, ನಾ ಇಲ್ಲಿಂದ ಬಸ್ಸಿನ್ಯಾಗ ತರತೇನಿ’ ಎಂದು ಮಾಸ್ತರರು ಫೋನು ಮಾಡಿದರು.

ಹಾನಗಲ್ಲಿನ ಆಫೀಸು ಗೋದಾಮಿನ ಮೇಲಿನ ಮಾಳಿಗೆಯಲ್ಲಿದೆ. ಮಾವಿನ ಸುಗ್ಗಿ, ಕಿಟಕಿಯಿಂದ ಹಣ್ಣಿನ ವಾಸನೆ ಬರುತ್ತಿತ್ತು. ಮ್ಯಾನೇಜರು, ಇನ್ನಿಬ್ಬರು ಗುಮಾಸ್ತರು, ನಾವಿಬ್ಬರು. ನಮ್ಮ ತಟ್ಟೆಗಳ ಎಣಿಕೆಯೂ ಅವಳ ಕೋಷ್ಟಕವೂ ಅಲ್ಲಿಯ ಕಂಪ್ಯೂಟರಿನಲ್ಲಿ ಆಗಲೇ ಇದ್ದವು. ಮಾಸ್ತರರು ಪೇಟಿಯನ್ನು ಮಗುವಿನಂತೆ ಎತ್ತಿಕೊಂಡು ಮೆಟ್ಟಿಲು ಹತ್ತಿ ಬಂದರು. ಪೇಟಿಯ ಮೇಲೆ ಮೂರು ಬೆರಳಿನ ವಿಭೂತಿ ಎಳೆದಿದ್ದರು.

‘ಭಜನೀನೂ ಐತೇನ್ರಿ?’ ಎಂದರು ಮ್ಯಾನೇಜರು.

‘ನೋಡೀರಂತ, ಕುಂದ್ರಿ’ ಎಂದರು ಮಾಸ್ತರರು, ಆ ಕುರ್ಚಿ ತಮ್ಮದೇ ಎಂಬಂತೆ.

ಅವಳು ಪೇಟಿಯ ಮುಂದೆ ಕೂತಳು. ಬಲಮುಂಗೈ ತಿದಿಗೆ ಹೋಯಿತು, ಎಡಗೈ ಪಟ್ಟಿಗಳ ಮೇಲೆ ಇಳಿಯಿತು. ಕಣ್ಣು ಪರದೆಯ ಮೇಲಿತ್ತು. ಮ್ಯಾನೇಜರು ತಮ್ಮ ಲೆಕ್ಕ ಕೇಳಿದರು. ಬೇಸಿಗೆಯಲ್ಲಿ ಕಿಟಕಿಯ ಗಾಳಿಗೆ ತಟ್ಟೆಯ ಅಂಚಿನ ಮರಳು ಬೇಗ ಒಣಗುತ್ತದೆ, ಅಂಚಿನ ಬೀಜ ಏಳುವುದಿಲ್ಲ. ಅದು ಬೀಜದ ದೋಷವಲ್ಲ. ನಾಲ್ಕೂ ಕಡೆಯ ಅಂಚು ಬಿಟ್ಟು, ನಡುವಿನದನ್ನಷ್ಟೇ ಎಣಿಸಿದರೆ, ತಳ್ಳಿಹಾಕಿದ ಲಾಟುಗಳಲ್ಲಿ ಯಾವುವು ಮತ್ತೆ ಪರೀಕ್ಷೆಗೆ ಯೋಗ್ಯ? ಒಳ್ಳೆಯ ಪ್ರಶ್ನೆ. ನಾನು ಕೇಳಬೇಕಿದ್ದ ಪ್ರಶ್ನೆ.

ಅವಳ ಬೆರಳು ಓಡಿದವು. ಪರದೆಯ ಮೇಲೆ ಬಂದದ್ದು ಅರ್ಥವಿಲ್ಲದ ಗೀಚು. ಅವಳು ಅಳಿಸಿದಳು, ಮತ್ತೆ ಒತ್ತಿದಳು. ಮತ್ತೆ ಅದೇ ಗೀಚು. ಕಳಸದ ಗುಡಿ ಬರಬೇಕಾದಲ್ಲಿ ನಾವು ವರ್ಷಕ್ಕೊಮ್ಮೆಯೂ ಬಳಸದ ಚಿಹ್ನೆ ಬಂತು. ಅವಳು ಮೊದಲ ಸಲ ಕಣ್ಣು ಕೆಳಗಿಳಿಸಿ ಪಟ್ಟಿಗಳನ್ನು ನೋಡಿದಳು. ಹೆಬ್ಬೆರಳಿನ ಕೆಳಗೆ ಇರಬೇಕಾದವೆಲ್ಲ ಕಿರುಬೆರಳಿನ ಕೆಳಗಿದ್ದವು. ಇಡೀ ಪೇಟಿ ಬಲದಿಂದ ಎಡಕ್ಕೆ ಇತ್ತು.

‘ಮಾಸ್ತರ, ಇದು ಉಲ್ಟಾ ಆಗೈತಲ್ರಿ’ ಎಂದೆ.

ಮಾಸ್ತರರು ಬಂದು ಬಾಗಿ ನೋಡಿದರು. ಚೀಲದಿಂದ ಚಿತ್ರದ ಹಾಳೆ ತೆಗೆದರು. ಹಾಳೆ ನೋಡಿದರು, ಪೇಟಿ ನೋಡಿದರು, ಪೇಟಿಯ ಹಿಂದಕ್ಕೆ ಹೋಗಿ ಮತ್ತೆ ಹಾಳೆ ನೋಡಿದರು. ಆಗ ಎಲ್ಲರಿಗೂ ತಿಳಿಯಿತು. ಪೇಟಿ ನುಡಿಸುವವರು ಮುಂದೆ ಕೂಡುತ್ತಾರೆ, ಪೇಟಿ ರಿಪೇರಿಯವರು ತಿದಿಯ ಕಡೆ, ಅಂದರೆ ಕೇಳುವವರು ಕೂಡುವ ಕಡೆ ಕೂಡುತ್ತಾರೆ. ಹಿಂದಿನಿಂದ ಬಿಚ್ಚುವುದು, ಹಿಂದಿನಿಂದಲೇ ಕೂಡಿಸುವುದು. ಹಾಳೆಯ ಮೇಲೆ ಮೇಲಿನ ಸಾಲು, ಕೆಳಗಿನ ಸಾಲು ಎಂದು ಬರೆದಿತ್ತು, ಸಾಲು ತಪ್ಪಲಿಲ್ಲ. ಎಡ ಯಾವುದು ಎಂದು ಬರೆದಿರಲಿಲ್ಲ. ಮಾಸ್ತರರು ತಾವು ಕೂತ ಕಡೆಯ ಎಡದಿಂದ ನಂಬರು ಹಾಕಿ, ಅದರಂತೆಯೇ ಕೆತ್ತಿದ್ದರು. ತಂತಿಯೂ ಅದೇ ನಂಬರಿನಂತೆ. ಮೊಬೈಲಿನವನು ಒತ್ತಿ ನೋಡಿದಾಗ ಎಲ್ಲ ಸರಿಯೇ ಕಂಡಿದೆ.

‘ನಮ್ಮಪ್ಪನ ಕಾಲದಿಂದ ಪೇಟಿ ಹಿಂದ ಕುಂತ ಮಾಡೇವಿ’ ಎಂದರು ಮಾಸ್ತರರು. ‘ಇದರಾಗ ನಂದೇನ ತಪ್ಪೈತಿ?’ ಹಾಗೆಂದವರ ಮುಖ ಮಾತ್ರ ಬಿಳಿಚಿತ್ತು.

ಮ್ಯಾನೇಜರು ಎದ್ದರು. ‘ಇರ್ಲಿ ಬಿಡ್ರಿ. ಇಷ್ಟ ಮಾಡೀರಿ, ನನಗ ಅದ ದೊಡ್ಡದು. ಸ್ಟೋರ್ಸಿನ ಕೆಲಸಾನೂ ಸಣ್ಣದಲ್ಲ...’

ಆ ಹೊತ್ತಿಗೇ ಕೆಳಗೆ ಗೋದಾಮಿನಲ್ಲಿ ಚೀಲ ಏರಿಸುವ ಬೆಲ್ಟು ಶುರುವಾಯಿತು. ಅದೇ ಸದ್ದು. ಮೊದಲು ನರಳಿ, ಆಮೇಲೆ ಓಟ ಹಿಡಿಯುವ ಸದ್ದು. ನನ್ನ ಕೈ ತನ್ನಷ್ಟಕ್ಕೆ ತಾನೇ ಹಿಂದಿನ ಗೋಡೆಯನ್ನು ತಡವಿ ಸ್ವಿಚ್ ಹುಡುಕಿತು. ಅಲ್ಲಿ ಇದ್ದದ್ದು ಬರೀ ಕ್ಯಾಲೆಂಡರು. ಏನಾದರೂ ಮಾಡಲೇಬೇಕೆಂದು ನಾನು ಮುಂದೆ ಹೋಗಿ, ಪಕ್ಕದ ಸಾದಾ ಕೀಬೋರ್ಡನ್ನು ಎಳೆದುಕೊಂಡು, ‘ನೀ ಹೇಳು, ನಾ ಒತ್ತತೇನಿ’ ಎಂದೆ.

‘ಕೈ ತಗಿ’ ಎಂದಳು ಗೆಳತಿ. ಸಿಟ್ಟಿನಿಂದಲ್ಲ. ಅವಳು ಪಟ್ಟಿಗಳನ್ನು ನೋಡುತ್ತಿದ್ದಳು, ಮುಖದಲ್ಲಿ ಏನೋ ಏಳುತ್ತಿತ್ತು. ‘ಸಾಹೇಬ್ರ, ಒಂದ ನಿಮಿಷ ಕುಂದ್ರಿ. ಮಾಸ್ತರ, ನೀವೂ ಕುಂದ್ರಿ. ಎಲ್ಲಾನೂ ಉಲ್ಟಾ ಆಗೈತಲ್ರಿ? ಒಂದೂ ಬಿಡದಂಗ?’

‘ನಾ ಅರ್ಧಮರ್ಧ ಕೆಲಸ ಮಾಡಂಗಿಲ್ಲ’ ಎಂದರು ಮಾಸ್ತರರು.

‘ಹಂಗಾದ್ರ ಚಲೋ ಆತು.’

ಕೆತ್ತಿದ್ದನ್ನು ನೋಡಿ ನೋಡಿ, ಒಂದೇ ಬೆರಳಿನಿಂದ, ಕೋಳಿ ಕಾಳು ಹೆಕ್ಕಿದ ಹಾಗೆ ಒತ್ತಿದಳು. ಮೊದಲು ಕೋಷ್ಟಕದ ಹೆಸರಿನ ಒಂದು ಅಕ್ಷರ. ಆಮೇಲೆ ತಿದಿ ಒತ್ತಿ ಹಿಡಿದು, ಇದರಲ್ಲಿ ಇದನ್ನು ಇಡು ಎನ್ನುವ ಬಾಣ. ತಿದಿ ಬಿಡದೆ ಎಡತುದಿಯ ತನಕ ಹುಡುಕಿ, ನಡುವೆ ಗೀಟಿದ್ದ ದುಂಡಗಿನ ಸೊನ್ನೆ. ಕೊನೆಗೆ ಮತ್ತೆ ಕೋಷ್ಟಕದ ಹೆಸರು. ಅಷ್ಟೇ. ಎರಡು ಸಾಲಿನ ಕೋಷ್ಟಕ, ಎರಡೂ ಸಾಲು ಒಂದೇ ಚಿಹ್ನೆಗೆ ಹಿಂದುಮುಂದಾಯಿತು. ಮಾಸ್ತರರು ತಿಂಗಳುಗಟ್ಟಲೆ ಕೂತು ಕೆತ್ತಿದ್ದನ್ನು ಆ ಸೊನ್ನೆ ಒಂದು ಉಸಿರಿನಲ್ಲಿ ತಿರುಗಿಸಿ ಕೂಡಿಸಿತು.

ಅವಳು ಕಣ್ಣೆತ್ತಿ ಪರದೆ ನೋಡಿದಳು. ಮತ್ತೆ ಕೆಳಗೆ ನೋಡಲಿಲ್ಲ.

ಆಮೇಲಿನದನ್ನು ನಾನು ಎಷ್ಟು ಸಲ ನೆನೆದರೂ ಸಾಕಾಗುವುದಿಲ್ಲ. ಕೆಳಗೆ ಬೆಲ್ಟು ಓಡುತ್ತಲೇ ಇತ್ತು. ಮೇಲೆ ಅವಳ ಎಡಗೈ ಓಡಿತು. ಹೆಬ್ಬೆರಳು ಬಿದ್ದಲ್ಲೆಲ್ಲ ಬೇಕಾದದ್ದೇ ಮೂಡಿತು. ಆ ಚಕ್ರ ಎಳೆದೊಯ್ದಿದ್ದ ಕೈ ತಿದಿಯನ್ನು ಒತ್ತುತ್ತಿತ್ತು, ಬಿಡುತ್ತಿತ್ತು, ಒತ್ತುತ್ತಿತ್ತು. ಮೂಕ ಪೇಟಿ ಎಂದಿದ್ದೆವು, ಆದರೆ ತಿದಿಯ ಉಸಿರು ಕೋಣೆಯ ತುಂಬ ಕೇಳಿಸುತ್ತಿತ್ತು. ಮಾಸ್ತರರ ಬೆರಳು ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಮ್ಯಾನೇಜರು ಪಟ್ಟಿಗಳ ಮೇಲೆ ಬಾಗಿ, ಪರದೆ ನೋಡಿ, ಮತ್ತೆ ಬಾಗಿದರು.

‘ಏನ್ರಿ ಇದು? ಒತ್ತೋದು ತ್ರಿಕೋನ, ಬರೋದು ಬಾಣ?’

‘ಪಟ್ಟಿ ಸುಳ್ಳು ಹೇಳಾಕತ್ತಾವರಿ. ನನ್ನ ಕೈ ಖರೇ ಹೇಳಾಕತ್ತೈತಿ.’

ಅಂಚು ಕಳೆದಳು, ನಡುವಿನದನ್ನು ಕೂಡಿಸಿದಳು, ಹೆಚ್ಚು ಮೊಳೆತದ್ದು ಮೊದಲು ಬರುವಂತೆ ಸಾಲು ಹಚ್ಚಿದಳು. ಎಲ್ಲ ಸೇರಿ ಒಂದೇ ಸಾಲು, ಪರದೆಯ ಅರ್ಧವನ್ನೂ ದಾಟಲಿಲ್ಲ. ಒತ್ತಿದಳು. ತಳ್ಳಿಹಾಕಿದ ಲಾಟುಗಳಲ್ಲಿ ನಾಲ್ಕು ಮೇಲೆದ್ದು ಬಂದವು. ಅವುಗಳಲ್ಲಿ ಒಂದು, ಅಪಘಾತದ ದಿನ ಅವಳು ನಮೂನೆ ತೆಗೆಯಲು ಬಾಗಿದ್ದ ಬೆಂಡೆ. ಅದನ್ನು ನಾನು ಯಾರಿಗೂ ಹೇಳಲಿಲ್ಲ. ಅವಳಿಗೆ ಗೊತ್ತಿತ್ತು, ನನ್ನ ಕಡೆ ಒಮ್ಮೆ ನೋಡಿದಳು.

ಮ್ಯಾನೇಜರು ಸುಲಭಕ್ಕೆ ಒಪ್ಪುವವರಲ್ಲ. ಒಂದು ತಟ್ಟೆಯ ಎಣಿಕೆ ತೆಗೆದುಕೊಂಡು, ಅಂಚು ಹೊಡೆದುಹಾಕಿ, ಗುಮಾಸ್ತರ ಜೊತೆ ಕೂತು ಕೈಯಲ್ಲೇ ಎಣಿಸಿದರು. ಮಾಸ್ತರರು ಆಕಳಿಸಿದರು. ‘ಪೇಟಿ ಶ್ರುತಿ ನೋಡಾಕ ಇಷ್ಟ ಹೊತ್ತು ಬೇಕಾಗಂಗಿಲ್ಲರಿ’ ಎಂದರು. ಎಣಿಕೆ ತಾಳೆಯಾಯಿತು. ಇನ್ನೊಂದು ತಟ್ಟೆ ಎಣಿಸಿದರು. ಅದೂ ತಾಳೆಯಾಯಿತು. ಮ್ಯಾನೇಜರು ಪೆನ್ನು ಕೆಳಗಿಟ್ಟರು.

‘ಈ ಹಂಗಾಮಿಗೆ ಬೀಜ ಬಿಡೋ ಸಹಿ ನಿಮ್ದ ಆತು’ ಎಂದರು. ‘ಕುರ್ಚಿನೂ ನಿಮ್ದ. ನನಗ ಸಿಟ್ಟಿಲ್ಲ ಮತ್ತ.’

‘ಗೊತ್ತೈತ್ರಿ. ನಿಮ್ಮ ಪ್ರಶ್ನಿ ಬಾಳ ಚಲೋ ಇತ್ತು.’

ಮಾಸ್ತರರು ಕೆಳಗಿಳಿದು ಹೋಗಿ ಒಂದು ಬುಟ್ಟಿ ಮಾವು ತಂದರು. ಮ್ಯಾನೇಜರಿಗೂ ಕೊಟ್ಟರು. ಮೆಟ್ಟಿಲಿಳಿಯುವಾಗ ಗೆಳತಿ ನನ್ನ ಹೆಗಲಿಗೆ ಬಲಗೈ ಹಾಕಿದಳು. ಆ ಕೈಯ ಭಾರ ನನಗೆ ಹೊಸದು. ಗೋದಾಮಿನ ಬೆಲ್ಟಿನ ಪಕ್ಕದಲ್ಲೇ ಹಾದು ಹೋಗಬೇಕಿತ್ತು. ನಾನು ನಿಂತೆ. ಅವಳು ನಿಲ್ಲಲಿಲ್ಲ, ನನ್ನನ್ನು ಒತ್ತಿಕೊಂಡೇ ದಾಟಿಸಿದಳು.

ಮರುದಿನ ಬೆಳಿಗ್ಗೆ ಹಿರೇಕೆರೂರಿನಲ್ಲಿ ನಾವು ಕೆಲಸಕ್ಕೆ ಕೂಡುವ ಹೊತ್ತಿಗೆ ಮಾಸ್ತರರು ಬಾಗಿಲಲ್ಲಿದ್ದರು. ಸವಣೂರಿನಿಂದ ಮೊದಲ ಬಸ್ಸು ಹಿಡಿದು, ಉಳಿ, ಅರಗು, ಚಿಮಣಿ ದೀಪ ಎಲ್ಲ ಕಟ್ಟಿಕೊಂಡು ಬಂದಿದ್ದರು. ನಿದ್ದೆ ಮಾಡಿರಲಿಲ್ಲ ಎಂದು ಕಣ್ಣು ಹೇಳುತ್ತಿದ್ದವು.

‘ಏಳು ತಂಗೀ. ಪಟ್ಟಿ ಎಲ್ಲಾ ತಗದು ತಿರಗಿಸಿ ಕೂಡಸತೇನಿ. ನನ್ನ ಕೈಲೆ ಆದ ತಪ್ಪು ಮಂದಿ ನೋಡಬಾರದು.’

‘ಕೂಡಸಬ್ಯಾಡ್ರಿ.’

‘ಯಾಕ?’

‘ಪಟ್ಟಿ ಮ್ಯಾಲ ಕೆತ್ತಿದ್ದು ನೋಡಿ ಒತ್ತಿದವ್ರಿಗೆ ಏನ ಬರತೈತ್ರಿ?’

‘ತಲಿಬುಡ ಇಲ್ಲದ್ದು ಬರತೈತಿ.’

‘ನನಗ?’

‘ನಿನಗ ಸರಿ ಬರತೈತಿ.’ ಮಾಸ್ತರರು ಹೊಟ್ಟೆ ಕುಣಿಸಿ ನಕ್ಕರು. ‘ಅಂದ್ರ ಈ ಕುರ್ಚಿಗೆ ಇನ್ನೊಬ್ರು ಯಾರೂ...’

‘ಕುಂದ್ರೂದಿಲ್ಲರಿ. ಕುಂತ್ರೂ ಏಳತಾರ.’

‘ಹಂಗಂದ್ರ ನಾ ಮಾಡಿದ್ದ ಸರಿ ಆತು’ ಎಂದು ಮಾಸ್ತರರು ಉಳಿಯನ್ನು ಚೀಲಕ್ಕೆ ಹಾಕಿ, ಗಟ್ಟಿಯಾಗಿ, ಹೊರಗಿನ ಕೂಲಿಯವರಿಗೂ ಕೇಳುವಂತೆ ಹೇಳಿದರು: ‘ಪೇಟಿ ಹಿಂದಿನಿಂದ ಮಾಡಬೇಕು ಅಂತ ನಮ್ಮಪ್ಪ ಸುಮ್ನ ಹೇಳಿದ್ದಿಲ್ಲ!’

ಬೆಂಡೆಯ ಲಾಟು ಮತ್ತೆ ತಟ್ಟೆಗೆ ಬಿತ್ತು. ಈ ಸಲ ತಟ್ಟೆಗಳನ್ನು ಕಿಟಕಿಯಿಂದ ದೂರ ಇಟ್ಟೆ. ಅಂಚಿನವರೆಗೂ ಎದ್ದವು. ಎಣಿಸುವ ದಿನ ಅಂಗಳದಲ್ಲಿ ಜರಡಿ ಯಂತ್ರವನ್ನು ಮುಚ್ಚಳ ಹಾಕಿಯೇ ಶುರು ಮಾಡಿದರು. ಆದರೂ ಸದ್ದು ಸದ್ದೇ. ನಾನು ತಟ್ಟೆ ಹಿಡಿದುಕೊಂಡು ಎದ್ದು, ಬಾಗಿಲಿನಿಂದ ಕೆಂಪು ಸ್ವಿಚ್ಚನ್ನು ನೋಡುತ್ತ ನಿಂತುಬಿಟ್ಟೆ. ಒಳಗಿನಿಂದ ತಿದಿ ಒಮ್ಮೆ ಉಸಿರು ಬಿಟ್ಟಿತು.

‘ಏನ ನೋಡಾಕತ್ತೀ ಅಲ್ಲೆ?’ ಎಂದು ಗೆಳತಿ ಕೂಗಿದಳು. ‘ನನ್ನ ಕೈ ಖಾಲಿ ಕುಂತೈತಿ. ಮುಂದಿನ ಸಾಲು ಹೇಳು.’

ನಾನು ಒಳಗೆ ಬಂದು ಕೂತು, ಮುಂದಿನ ಸಾಲು ಓದಿದೆ. ಒಂದು, ಒಂದು, ಒಂದು, ಒಂದು.